ಮದುವೆಯಾದ್ಮೇಲೆ ಮನೆ ಯಾರದ್ದು? ರೀಜೆನ್ಸಿ ರೊಮ್ಯಾನ್ಸ್‌ಗಳ ನಗುವಿನ ಹಿಂದಿನ ಲೆಕ್ಕಾಚಾರ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಬಸ್ಸಲ್ಲಿ ಇಯರ್‌ಫೋನ್ ಮರೆತು ಬಂದವರಿಗೆ, ಎಂದಿನಂತೆ ಇದು ಬರಹದ ರೂಪ. ಮಾತಾಡುವಾಗ ಎರಡು ಕಡೆ ಇಸವಿ ತಪ್ಪು ಹೇಳಿದ್ದೆ, ಇಲ್ಲಿ ಸರಿ ಮಾಡಿದ್ದೇನೆ. ಮಧ್ಯೆ ಕುಕ್ಕರ್ ಕೂಗಿದ್ದನ್ನೂ ತೆಗೆದಿದ್ದೇನೆ.

ಈ ಸಲದ ವಿಷಯ ಕೇಳಿ ಕೆಲವರು ನಗಬಹುದು. ರೀಜೆನ್ಸಿ ರೊಮ್ಯಾನ್ಸ್. ಅಂದ್ರೆ 200 ವರ್ಷ ಹಿಂದಿನ ಇಂಗ್ಲೆಂಡು, ಕುದುರೆ ಗಾಡಿ, ಬಾಲ್ ಡಾನ್ಸು, ಮೂತಿ ತಿರುಗಿಸುವ ಶ್ರೀಮಂತ ಗಂಡು, ಚುರುಕು ನಾಲಿಗೆಯ ಹೆಣ್ಣು, ಕೊನೇ ಪುಟದಲ್ಲಿ ಮದುವೆ. ಎಂಟೆಕ್ ಮಾಡಿ ಪುಣೆಯಲ್ಲಿ ಕೋಡ್ ಬರೆಯೋ ನನಗೂ ಇದಕ್ಕೂ ಏನು ಸಂಬಂಧ ಅಂತ ನನ್ನ ತಮ್ಮನೇ ಕೇಳಿದ. ಸಂಬಂಧ ಇದೆ, ಹೇಳ್ತೀನಿ. ಮೊದಲು ಹಿನ್ನೆಲೆ ನೋಡೋಣ.

ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್ ಮಾನಸಿಕ ಕಾಯಿಲೆಯಿಂದ ರಾಜ್ಯಭಾರ ನೋಡೋಕಾಗದ ಸ್ಥಿತಿಗೆ ಬಂದಾಗ, 1811ರ ಫೆಬ್ರವರಿಯಲ್ಲಿ ಮಗನಿಗೆ ರೀಜೆಂಟ್ ಪಟ್ಟ ಕಟ್ಟಿದರು. ಅಪ್ಪ ಇದ್ದಾಗಲೇ ಅಪ್ಪನ ಪರವಾಗಿ ಆಳೋನು, ಅಷ್ಟೇ. 1820ರ ಜನವರಿಯಲ್ಲಿ ಅಪ್ಪ ತೀರಿಕೊಂಡ ಮೇಲೆ ಮಗ ನಾಲ್ಕನೇ ಜಾರ್ಜ್ ಆದ. ಈ ಒಂಬತ್ತು ವರ್ಷಗಳ ಅವಧಿಗೆ ರೀಜೆನ್ಸಿ ಅಂತ ಹೆಸರು. ಜೇನ್ ಆಸ್ಟಿನ್ ಬದುಕಿದ್ದಾಗ ಪ್ರಕಟವಾದ ನಾಲ್ಕೂ ಕಾದಂಬರಿಗಳು 1811ರಿಂದ 1815ರ ಒಳಗೆ ಬಂದವು. ಮೊದಲನೆಯದರ ಮೇಲೆ ಹೆಸರೇ ಇರಲಿಲ್ಲ, 'ಒಬ್ಬ ಮಹಿಳೆ ಬರೆದದ್ದು' ಅಂತ ಮಾತ್ರ ಇತ್ತು.

ಆಸ್ಟಿನ್ ಬರೆದದ್ದು ತನ್ನದೇ ಕಾಲದ ಬಗ್ಗೆ. ಅದನ್ನ ಹಿಂದಿನ ಕಾಲದ ಕಥೆಯಾಗಿ, ನಗೆಯ ರೊಮ್ಯಾನ್ಸ್ ಆಗಿ ಕಟ್ಟಿದ್ದು ಜಾರ್ಜೆಟ್ ಹೇಯರ್. 1902ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ ಇಂಗ್ಲಿಷ್ ಲೇಖಕಿ. ಇಂದು ನೆಟ್‌ಫ್ಲಿಕ್ಸ್‌ನಲ್ಲಿ ನೀವು ನೋಡೋ ಬ್ರಿಡ್ಜರ್ಟನ್‌ಗೆ ಒಂದು ರೀತೀಲಿ ಅಜ್ಜಿ ಈಕೆ. (ಬ್ರಿಡ್ಜರ್ಟನ್ ಎರಡನೇ ಸೀಸನ್‌ನಲ್ಲಿ ಶರ್ಮಾ ಅಕ್ಕ ತಂಗಿಯರು ಅಪ್ಪನಿಗೆ 'ಅಪ್ಪಾ', ಅಕ್ಕನಿಗೆ 'ದೀದಿ' ಅಂತಾರಲ್ಲ, ಅದನ್ನ ಎಲ್ಲರೂ ಆಡಿಕೊಂಡು ನಕ್ಕರು. ನಾನು ನಗಲಿಲ್ಲ. ನಮ್ಮ ಸೊಸೈಟಿಯ ಕನ್ನಡ ಮಕ್ಕಳು ಹಾಗೇ ಮಾತಾಡ್ತವೆ.)

ಹೇಯರ್ ಕಥೆಯೇ ಒಂದು ಕಾದಂಬರಿ. ಕಾಯಿಲೆ ಬಿದ್ದ ತಮ್ಮನನ್ನ ನಗಿಸೋಕೆ ಅಂತ ಶುರು ಮಾಡಿದ ಕಥೆ 1921ರಲ್ಲಿ ಪುಸ್ತಕ ಆಯ್ತು, ಆಗ ಆಕೆಗೆ 19 ವರ್ಷ. 1925ರಲ್ಲಿ ಅಪ್ಪ ತೀರಿಕೊಂಡರು, ತಮ್ಮಂದಿರ ಜವಾಬ್ದಾರಿ ಈಕೆ ಮೇಲೆ ಬಿತ್ತು. ಗಂಡ ಮೈನಿಂಗ್ ಇಂಜಿನಿಯರ್. ಅವರ ಜೊತೆ ಟಾಂಗನ್ಯೀಕಾಗೆ ಹೋದರು, ಮ್ಯಾಸಿಡೋನಿಯಾಗೆ ಹೋದರು. ಆಮೇಲೆ ಗಂಡ ಆ ಕೆಲಸ ಬಿಟ್ಟು, ಓದಿ ಬ್ಯಾರಿಸ್ಟರ್ ಆದರು. ಆ ವರ್ಷಗಳಲ್ಲಿ ಮನೆ ನಡೆದದ್ದು ಮುಖ್ಯವಾಗಿ ಹೇಯರ್ ಬರೆದ ಪುಸ್ತಕಗಳ ದುಡ್ಡಿನಿಂದ. ಅಂದ್ರೆ ಗಂಡು ಹೆಣ್ಣಿನ ಪ್ರೇಮದ ತಮಾಷೆ ಕಥೆಗಳನ್ನ ಬರೆದಾಕೆ, ತನ್ನ ಮನೆಯ ಇಎಂಐ ಕಟ್ಟೋಕೆ ಅಂತ ಬರೆದಾಕೆ. ಸಂದರ್ಶನ, ಫೋಟೋ, ಪ್ರಚಾರ ಯಾವುದೂ ಆಕೆಗೆ ಆಗ್ತಿರಲಿಲ್ಲ. ಬರೆಯೋ ಮುಂಚೆ ಬಟ್ಟೆ, ಗಾಡಿ, ಬೆಲೆ, ಗಲ್ಲಿ ಭಾಷೆ ಎಲ್ಲದರ ಟಿಪ್ಪಣಿ ಪುಸ್ತಕ ಇಡ್ತಿದ್ದರು. 1937ರಲ್ಲಿ ವಾಟರ್‌ಲೂ ಯುದ್ಧದ ಬಗ್ಗೆಯೇ ಒಂದು ಕಾದಂಬರಿ ಬರೆದರು, ಆ ಯುದ್ಧದ ವಿವರಗಳನ್ನ ಇವತ್ತಿಗೂ ಜನ ಹೊಗಳ್ತಾರೆ.

ನಾನು ಆಕೆಯನ್ನ ಓದಿದ್ದು ಹೀಗೆ. ನಮ್ಮಮ್ಮ ದಾವಣಗೆರೆಯಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ವಾರಕ್ಕೆ ಎರಡು ಸಾಯಿಸುತೆ ತರ್ತಿದ್ದರು. ನಾನು ಆಗ ಜಂಬದ ಹುಡುಗಿ, ತ್ರಿವೇಣಿ ಓದಿದ್ರೂ ಸಾಯಿಸುತೆ ಓದಲ್ಲ ಅಂತ ಹಠ. ಎರಡು ವರ್ಷ ಹಿಂದೆ ಹಿಂಜೇವಾಡಿ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಕೂರೋ ಕರ್ಮಕ್ಕೆ ಯಾವುದೋ ಆಡಿಯೋ ಬುಕ್ ಹಾಕಿದೆ. ಅದು ಹೇಯರ್‌ದು, ಹೆಸರು 'ಲೇಡಿ ಆಫ್ ಕ್ವಾಲಿಟಿ'. ಮೂರನೇ ದಿನ ಗಾಡಿ ಪಾರ್ಕ್ ಮಾಡಿ ಕೆಳಗೇ ಇಪ್ಪತ್ತು ನಿಮಿಷ ಕೂತಿದ್ದೆ, ಅಧ್ಯಾಯ ಮುಗೀಲಿ ಅಂತ.

1972ರ ಪುಸ್ತಕ, ಆಕೆ ಬದುಕಿದ್ದಾಗ ಬಂದ ಕೊನೇ ಕಾದಂಬರಿ. ನಾಯಕಿ ಆನಿಸ್ ವಿಚ್‌ವುಡ್, 29 ವರ್ಷ. ಆ ಕಾಲದ ಲೆಕ್ಕದಲ್ಲಿ ಮದುವೆ ವಯಸ್ಸು ದಾಟಿ ಎಷ್ಟೋ ವರ್ಷ ಆಗಿದೆ. ಚೆಲುವೆ, ಅಪ್ಪ ಬಿಟ್ಟು ಹೋದ ಸ್ವಂತ ಆಸ್ತಿ ಇದೆ. ಅಣ್ಣ ಅತ್ತಿಗೆ ಒಳ್ಳೆಯವರೇ, ಆದರೂ ಅವರ ಮನೆಯಲ್ಲಿ 'ಇರೋ ನಾದಿನಿ' ಆಗೋದು ಬೇಡ ಅಂತ ಬಾತ್ ಪಟ್ಟಣದ ಕ್ಯಾಮ್ಡನ್ ಪ್ಲೇಸ್‌ನಲ್ಲಿ ತನ್ನದೇ ಮನೆ ಮಾಡ್ತಾಳೆ. ಅಣ್ಣನಿಗೆ ತಳಮಳ. ಜನ ಏನಂತಾರೆ? ಸರಿ, ಒಬ್ಬಳೇ ಇರಬಾರದು ಅಂತ ಮರಿಯಾ ಫಾರ್ಲೋ ಅನ್ನೋ ಬಡ ಸಂಬಂಧಿಯನ್ನ ಜೊತೆಗೆ ಇಟ್ಟುಕೊಳ್ಳಬೇಕು. ಈಯಮ್ಮ ಬಾಯಿ ಮುಚ್ಚೋದೇ ಇಲ್ಲ. ಮಾತು ಮಾತು ಮಾತು. ನಮ್ಮ ಪಿಜಿ ಆಂಟಿಗಳು ನೆನಪಾದರು.

ಕಥೆ ಶುರುವಾಗೋದು ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಯಿಂದ. ಒಳಗೆ ಒಬ್ಬ ಹುಡುಗ, ಹದಿನೇಳರ ಹುಡುಗಿ. ಓಡಿ ಹೋಗಿ ಮದುವೆ ಆಗ್ತಿದ್ದಾರೆ ಅಂದುಕೊಂಡ್ರೆ ಉಲ್ಟಾ. ಮನೆಯವರು ಇಬ್ಬರನ್ನೂ ಒಬ್ಬರಿಗೊಬ್ಬರು ಗಂಟು ಹಾಕೋಕೆ ಹೊರಟಿದ್ದಾರೆ, ಅದರಿಂದ ತಪ್ಪಿಸಿಕೊಳ್ಳೋಕೆ ಜೊತೆಯಲ್ಲಿ ಓಡ್ತಿದ್ದಾರೆ! ಆನಿಸ್ ಆ ಹುಡುಗಿಯನ್ನ ಮನೆಗೆ ಕರ್ಕೊಂಡು ಬರ್ತಾಳೆ. ಹುಡುಗಿಯ ಚಿಕ್ಕಪ್ಪ, ಗಾರ್ಡಿಯನ್, ಆಲಿವರ್ ಕಾರ್ಲ್ಟನ್ ಲಂಡನ್ನಿಂದ ಸಿಟ್ಟಲ್ಲಿ ಬರ್ತಾನೆ. ಲಂಡನ್ನಿನಲ್ಲೇ ಅತಿ ಒರಟ ಅನ್ನೋ ಖ್ಯಾತಿ ಆತನಿಗೆ. ಉಳಿದದ್ದು ನೀವು ಊಹಿಸಬಹುದು. ಊಹಿಸಿದ ಮೇಲೂ ಓದೋಕೆ ಮಜಾ ಇದೆ.

ಆದರೆ ನನ್ನನ್ನ ಹಿಡಿದದ್ದು ಆನಿಸ್ ಅನುಮಾನ. ಆತ ಇಷ್ಟ ಆಗಿದ್ದಾನೆ, ಅದು ಆಕೆಗೂ ಗೊತ್ತು, ನಮಗೂ ಗೊತ್ತು. ಆದರೂ ಕೇಳಿದ ತಕ್ಷಣ ಹೂಂ ಅನ್ನಲ್ಲ. ಟೈಮ್ ಬೇಕು ಅಂತಾಳೆ. ಇಷ್ಟು ದಿನ ತನ್ನ ಮನೆ, ತನ್ನ ಅಡುಗೆಯವರು, ತನ್ನ ದುಡ್ಡು, ತನ್ನ ಬೆಳಗ್ಗೆ. ಇದನ್ನ ಬಿಟ್ಟುಕೊಡೋದಾ? ಮೊದಲ ಸಲ ಕೇಳಿದಾಗ ಇದು ಮನಸ್ಸಿನ ತಳಮಳ ಅಂದುಕೊಂಡಿದ್ದೆ. ಆಮೇಲೆ ಆ ಕಾಲದ ಕಾನೂನು ಓದಿದೆ. ಪಾಪ, ಆಕೆ ಲೆಕ್ಕ ಹಾಕ್ತಿದ್ದಳು.

ಇಂಗ್ಲೆಂಡಿನಲ್ಲಿ ಆಗ ಇದ್ದದ್ದು ಕವರ್ಚರ್ ಅನ್ನೋ ನಿಯಮ. 1765ರಲ್ಲಿ ಬ್ಲ್ಯಾಕ್‌ಸ್ಟೋನ್ ಅನ್ನೋ ಕಾನೂನು ಪಂಡಿತ ಅದನ್ನ ಬಿಡಿಸಿ ಬರೆದಿಟ್ಟ: ಮದುವೆಯಾದ ಮೇಲೆ ಗಂಡ ಹೆಂಡತಿ ಕಾನೂನಿನ ಕಣ್ಣಲ್ಲಿ ಒಂದೇ ವ್ಯಕ್ತಿ. ಕೇಳೋಕೆ ಚೆನ್ನಾಗಿದೆ, ಆದರೆ ಆ ಒಬ್ಬ ವ್ಯಕ್ತಿ ಗಂಡ. ಎರಡು ಬ್ರಾಂಚ್ ಮರ್ಜ್ ಮಾಡಿದ್ದಾರೆ, ಕಾನ್‌ಫ್ಲಿಕ್ಟ್ ಬಂದ ಕಡೆಯೆಲ್ಲ ಒಂದೇ ಕಡೆಯ ಕೋಡ್ ಉಳಿಸಿಕೊಂಡಿದ್ದಾರೆ, ಇನ್ನೊಂದು ಬ್ರಾಂಚ್ ಡಿಲೀಟ್.

ಹೆಂಡತಿಯ ನಗದು, ಒಡವೆ, ಪೀಠೋಪಕರಣ, ಆಕೆ ದುಡಿದ ಕೂಲಿ, ಎಲ್ಲ ಮದುವೆ ದಿನದಿಂದ ಗಂಡನದ್ದು. ಜಮೀನು ಇದ್ದರೆ ಹೆಸರು ಆಕೆಯದ್ದೇ, ಆಕೆ ಒಪ್ಪದೆ ಮಾರೋ ಹಾಗಿಲ್ಲ, ಆದರೆ ಬಾಡಿಗೆ ಬೆಳೆ ಎಲ್ಲ ಆತನ ಜೇಬಿಗೆ. ಆಕೆ ತನ್ನ ಹೆಸರಲ್ಲಿ ಕರಾರು ಮಾಡೋ ಹಾಗಿಲ್ಲ, ಕೋರ್ಟಿಗೆ ಹೋಗೋ ಹಾಗಿಲ್ಲ, ಗಂಡನ ಒಪ್ಪಿಗೆ ಇಲ್ಲದೆ ಉಯಿಲು ಬರೆಯೋ ಹಾಗೂ ಇಲ್ಲ. ಮಕ್ಕಳ ಮೇಲಿನ ಹಕ್ಕು ಅಪ್ಪನದ್ದು. ಮದುವೆ ಕೆಟ್ಟರೆ, ಮತ್ತೆ ಮದುವೆ ಆಗಬಲ್ಲಂಥ ಡೈವೋರ್ಸ್ ಬೇಕು ಅಂದ್ರೆ ಪಾರ್ಲಿಮೆಂಟಿನಲ್ಲಿ ಆ ಒಂದು ಜೋಡಿಗೆ ಅಂತಲೇ ಪ್ರತ್ಯೇಕ ಕಾಯ್ದೆ ಪಾಸಾಗಬೇಕು. ಅದಕ್ಕೆ ಖರ್ಚು ಮಾಡೋ ಶಕ್ತಿ ಎಷ್ಟು ಜನರಿಗಿತ್ತು?

ಈಗ ಮದುವೆಯಾಗದ ವಯಸ್ಕ ಹೆಣ್ಣು, ಅಥವಾ ವಿಧವೆ. ಅವಳಿಗೆ ಇದ್ಯಾವುದೂ ಇಲ್ಲ. ಆಸ್ತಿ ಆಕೆಯದ್ದೇ, ಕರಾರು ಮಾಡಬಹುದು, ಕೇಸು ಹಾಕಬಹುದು, ಉಯಿಲು ಬರೆಯಬಹುದು. ಅಂದ್ರೆ ಸಮಾಜ ಯಾರನ್ನ ನೋಡಿ 'ಅಯ್ಯೋ ಪಾಪ' ಅಂತಿತ್ತೋ, ಕಾನೂನಿನ ಪ್ರಕಾರ ಪೂರ್ತಿ ಮನುಷ್ಯಳಾಗಿದ್ದದ್ದು ಅವಳೇ. ಆನಿಸ್ ಚರ್ಚಿನಲ್ಲಿ ಹೂಂ ಅಂದ ಐದು ನಿಮಿಷಕ್ಕೆ ಆ ಸ್ಟೇಟಸ್ ಹೋಗುತ್ತೆ. ರೋಲ್‌ಬ್ಯಾಕ್ ಇಲ್ಲ.

ಹಾಗಾದ್ರೆ ದುಡ್ಡಿರೋ ಅಪ್ಪಂದಿರು ಮಗಳನ್ನ ಹೀಗೇ ಕಳಿಸ್ತಿದ್ರಾ? ಇಲ್ಲ, ಅವರಿಗೂ ಬುದ್ಧಿ ಇತ್ತು. ಇಂಗ್ಲೆಂಡಿನಲ್ಲಿ ಸಾಮಾನ್ಯ ಕೋರ್ಟುಗಳ ಪಕ್ಕದಲ್ಲೇ ಚಾನ್ಸರಿ ಅನ್ನೋ ಬೇರೆ ಕೋರ್ಟ್ ಇತ್ತು, ಅದು ಟ್ರಸ್ಟ್‌ಗಳನ್ನ ಒಪ್ಪುತ್ತಿತ್ತು. ಮದುವೆಗೆ ಮುಂಚೆ ಎರಡೂ ಕಡೆಯ ವಕೀಲರು ಕೂತು ಸೆಟಲ್‌ಮೆಂಟ್ ಪತ್ರ ಮಾಡೋರು. ಹೆಣ್ಣಿನ ದುಡ್ಡನ್ನ ಟ್ರಸ್ಟಿಗಳ ಹೆಸರಿಗೆ ಹಾಕಿ 'ಇದು ಇವಳ ಪ್ರತ್ಯೇಕ ಉಪಯೋಗಕ್ಕೆ' ಅಂತ ಬರೆದರೆ ಗಂಡನ ಕೈ ಅಲ್ಲಿಗೆ ಹೋಗಲ್ಲ. ವರ್ಷಕ್ಕೆ ಇಷ್ಟು ಅಂತ ಹೆಂಡತಿಯ ಕೈಖರ್ಚಿಗೆ ಕೊಡೋದು ಪಿನ್ ಮನಿ. ಗಂಡ ಸತ್ತರೆ ಆಕೆ ಬದುಕಿರೋವರೆಗೂ ವರ್ಷಕ್ಕೆ ಇಷ್ಟು ಪೌಂಡ್ ಅನ್ನೋದು ಜಾಯಿಂಚರ್. ಹೆಣ್ಣು 1,000 ಪೌಂಡ್ ತಂದರೆ ಜಾಯಿಂಚರ್ ವರ್ಷಕ್ಕೆ ಸುಮಾರು 100 ಪೌಂಡ್, ಹೀಗೊಂದು ಅಂದಾಜಿನ ಲೆಕ್ಕ ಇತ್ತು. ಹುಟ್ಟಬೇಕಾದ ಮಕ್ಕಳಿಗೆ ಎಷ್ಟೆಷ್ಟು ಅನ್ನೋದನ್ನೂ ಮದುವೆಗೆ ಮುಂಚೆಯೇ ಬರೆಯೋರು. ಹಾಗಾಗಿ ಆ ಕಾಲದ ಕಾದಂಬರಿಗಳಲ್ಲಿ ಹುಡುಗ ಹುಡುಗಿಯ ಅಪ್ಪನ ಲೈಬ್ರರಿಗೆ ಹೋಗಿ ಬಾಗಿಲು ಹಾಕಿಕೊಂಡ ಅಂದ್ರೆ ಒಳಗೆ ಇದೇ ಮಾತು. ನಮ್ಮಲ್ಲಿ ಹಾಲ್‌ನಲ್ಲಿ ಉಪ್ಪಿಟ್ಟು ತಿನ್ನುತ್ತಾ 'ಏನೂ ಬೇಡ, ನಿಮ್ಮಿಷ್ಟ' ಅಂತ ಸುತ್ತಿ ಬಳಸಿ ಆಡೋ ಮಾತನ್ನ ಅವರು ಸ್ಟ್ಯಾಂಪ್ ಪೇಪರ್ ಮೇಲೆ ನೇರವಾಗಿ ಬರೆದಿಡ್ತಿದ್ದರು.

ಈ ಲೆಕ್ಕ ಗೊತ್ತಾದ ಮೇಲೆ ಆಸ್ಟಿನ್ ಓದಿದರೆ ಬೇರೇನೇ ಕಾಣುತ್ತೆ. ಆಕೆ ಪಾತ್ರ ಬಂದ ಕೂಡಲೇ ಸಂಬಳ ಹೇಳಿಬಿಡ್ತಾಳೆ, ನಮ್ಮ ಮ್ಯಾಟ್ರಿಮೋನಿ ಪ್ರೊಫೈಲ್ ಥರ. ಪ್ರೈಡ್ ಆ್ಯಂಡ್ ಪ್ರೆಜುಡಿಸ್‌ನ ಡಾರ್ಸಿ ವರ್ಷಕ್ಕೆ 10,000 ಪೌಂಡ್. ಬೆನೆಟ್ ಅಪ್ಪನಿಗೆ ವರ್ಷಕ್ಕೆ 2,000, ಆದರೆ ಎಸ್ಟೇಟ್ ಗಂಡು ವಾರಸುದಾರನಿಗೇ ಹೋಗಬೇಕು ಅಂತ ಕಟ್ಟಿ ಹಾಕಿದ್ದಾರೆ, ಇರೋರು ಐದೂ ಹೆಣ್ಣುಮಕ್ಕಳು. ಎಲಿಜಬೆತ್ ಪಾಲಿಗೆ ಬರೋದು ಶೇ 4ರ ಬಡ್ಡಿಯ 1,000 ಪೌಂಡ್, ಅದೂ ಅಮ್ಮ ಸತ್ತ ಮೇಲೆ. ವರ್ಷಕ್ಕೆ 40 ಪೌಂಡ್ ಆಯ್ತು. ಇದನ್ನ ಆಕೆಗೆ ಹೇಳೋನು ಮಿಸ್ಟರ್ ಕಾಲಿನ್ಸ್, ಅದೂ ಪ್ರಪೋಸ್ ಮಾಡೋ ಹೊತ್ತಲ್ಲಿ! ಆತನನ್ನ ಬೇಡ ಅನ್ನೋದಕ್ಕೂ, ಆಮೇಲೆ 10,000 ಪೌಂಡಿನ ಡಾರ್ಸಿ ಮೊದಲ ಸಲ ಕೇಳಿದಾಗ ಅವನನ್ನೂ ಬೇಡ ಅನ್ನೋದಕ್ಕೂ ಎಂಥ ಧೈರ್ಯ ಬೇಕು ಅಂತ ಈ 40 ಪೌಂಡ್ ನೆನಪಿಟ್ಟುಕೊಂಡು ಯೋಚಿಸಿ. ಇನ್ನೊಂದು ಕಡೆ ಎಮ್ಮಾ ವುಡ್‌ಹೌಸ್, 30,000 ಪೌಂಡಿನ ಒಡತಿ. ಶೇ 4ರ ಲೆಕ್ಕದಲ್ಲಿ ವರ್ಷಕ್ಕೆ 1,200. ಆಕೆ ನನಗೆ ಮದುವೆ ಯಾಕೆ ಬೇಕು ಅಂತ ಆರಾಮಾಗಿ ಕೇಳ್ತಾಳೆ. ಇಬ್ಬರ ಸ್ವಭಾವ ಬೇರೆ ಸರಿ, ಬ್ಯಾಂಕ್ ಬ್ಯಾಲೆನ್ಸೂ ಬೇರೆ.

ಆಸ್ಟಿನ್ ಸ್ವಂತ ಬದುಕಲ್ಲೂ ಇದು ಆಗಿದೆ. 1802ರ ಡಿಸೆಂಬರ್‌ನಲ್ಲಿ, ಇನ್ನೇನು 27 ತುಂಬೋ ಹೊತ್ತಿಗೆ, ಹ್ಯಾರಿಸ್ ಬಿಗ್-ವಿದರ್ ಅನ್ನೋ ದೊಡ್ಡ ಎಸ್ಟೇಟಿನ ವಾರಸುದಾರ ಕೇಳಿದ. ಸಂಜೆ ಒಪ್ಪಿಕೊಂಡಳು. ರಾತ್ರಿ ಕಳೆದು ಬೆಳಗ್ಗೆ ಎದ್ದು ಇಲ್ಲ ಅಂದಳು. ಆ ರಾತ್ರಿ ಏನು ಯೋಚಿಸಿದಳು ಅಂತ ಬರೆದಿಟ್ಟ ಕಾಗದ ಯಾವುದೂ ನಮಗೆ ಸಿಕ್ಕಿಲ್ಲ. 1805ರಲ್ಲಿ ಅಪ್ಪ ಹೋದ ಮೇಲೆ ಅಮ್ಮ, ಅಕ್ಕ, ಈಕೆ ಮೂವರೂ ಅಣ್ಣತಮ್ಮಂದಿರ ದುಡ್ಡಿನ ಆಸರೆಯಲ್ಲಿ ಬದುಕಬೇಕಾಯ್ತು. ಪ್ರೈಡ್ ಆ್ಯಂಡ್ ಪ್ರೆಜುಡಿಸ್ ಹಕ್ಕನ್ನ 110 ಪೌಂಡಿಗೆ ಮಾರಿದಳು, 150 ಸಿಗಲಿ ಅಂತ ಆಸೆ ಇತ್ತು. ಆ ಒಂದು 'ಇಲ್ಲ'ದ ಬೆಲೆ ದೊಡ್ಡದೇ ಇತ್ತು ಅನ್ಸುತ್ತೆ ನನಗೆ.

ಇನ್ನು ಗಂಡು ಹೆಣ್ಣು ಸೇರೋ ಜಾಗಗಳು. ಇದನ್ನ ಬೇಗ ಮುಗಿಸ್ತೀನಿ, ಸಿನಿಮಾಗಳಲ್ಲಿ ಎಲ್ಲರೂ ನೋಡಿದ್ದೀರಿ. ಲಂಡನ್ನಿನ ಕಿಂಗ್ ಸ್ಟ್ರೀಟ್‌ನಲ್ಲಿ ಆಲ್ಮ್ಯಾಕ್ಸ್ ಅಂತ ಒಂದು ಜಾಗ, ಸೀಸನ್ನಿನಲ್ಲಿ ಬುಧವಾರ ರಾತ್ರಿ ಡಾನ್ಸ್. ಯಾರು ಒಳಗೆ ಬರಬಹುದು ಅಂತ ತೀರ್ಮಾನಿಸೋದು ಲೇಡಿ ಜರ್ಸಿಯಂಥ ಕೆಲವು ದೊಡ್ಡ ಮನೆಯ ಹೆಂಗಸರ ಕಮಿಟಿ. ದುಡ್ಡಿದ್ರೂ ವೋಚರ್ ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ. ಊಟಕ್ಕೆ ತೆಳು ಬ್ರೆಡ್ಡು ಬೆಣ್ಣೆ, ಕುಡಿಯೋಕೆ ಟೀ, ನಿಂಬೆ ಪಾನಕ. ಇನ್ವೈಟ್ ಓನ್ಲಿ ಮ್ಯಾಟ್ರಿಮೋನಿ ಆ್ಯಪ್, ಅಡ್ಮಿನ್‌ಗಳೆಲ್ಲ ಆಂಟಿಯರು. ಒಂದೇ ಜೋಡಿ ಒಂದು ಸಂಜೆಯಲ್ಲಿ ಎರಡಕ್ಕಿಂತ ಹೆಚ್ಚು ಸಲ ಕುಣಿದರೆ ಊರಿಡೀ ಸುದ್ದಿ.

ಆ ಕುಣಿತದಲ್ಲಿ ಕೇಳೋನು ಗಂಡು, ಬೇಡ ಅನ್ನೋ ಹಕ್ಕು ಮಾತ್ರ ಹೆಣ್ಣಿನದು. ಮದುವೆಯಲ್ಲೂ ಹಾಗೇ ಅಂತ ಆಸ್ಟಿನ್ ತನ್ನ ಒಂದು ಪಾತ್ರದ ಬಾಯಲ್ಲಿ ಹೇಳಿಸಿದ್ದಾಳೆ. ಒಮ್ಮೆ ನಿಶ್ಚಯ ಆದ ಮೇಲೆ ಇನ್ನೊಂದು ತಿರುವು ಇದೆ. ಹೆಣ್ಣು ಮನಸ್ಸು ಬದಲಾಯಿಸಿದರೆ ಜನ ಗುಸುಗುಸು ಅಂತಾರೆ, ಅಷ್ಟೇ. ಗಂಡು ಹಿಂದೆ ಸರಿದರೆ ಕೊಟ್ಟ ಮಾತು ಮುರಿದ ಅಂತ ಆತನ ಮೇಲೆ ಪರಿಹಾರದ ಕೇಸು ಬೀಳಬಹುದು, ಮರ್ಯಾದೆಯಂತೂ ಹೋಗುತ್ತೆ. ಹೇಯರ್ ಕಾದಂಬರಿಗಳ ಅರ್ಧ ಹಾಸ್ಯ ಇಲ್ಲಿಂದಲೇ ಬರುತ್ತೆ. ತಪ್ಪು ಹುಡುಗಿಗೆ ಮಾತು ಕೊಟ್ಟು ಸಿಕ್ಕಿಬಿದ್ದ ಗಂಡು, ಅವನನ್ನ ಬಿಡಿಸೋಕೆ ನಾಯಕಿ ಹೂಡೋ ಆಟ. 1950ರ 'ದ ಗ್ರಾಂಡ್ ಸೋಫಿ' ಪೂರ್ತಿ ಇದೇ.

ಓಡಿ ಹೋಗೋದಕ್ಕೂ ಕಾನೂನಿನ ಕಾರಣ ಇತ್ತು. 1753ರ ಮದುವೆ ಕಾಯ್ದೆ ಪ್ರಕಾರ ಇಂಗ್ಲೆಂಡಿನಲ್ಲಿ 21 ತುಂಬದವರು ಲೈಸೆನ್ಸ್ ತಗೊಂಡು ಮದುವೆ ಆಗಬೇಕಾದ್ರೆ ಹೆತ್ತವರ ಒಪ್ಪಿಗೆ ಬೇಕು. ಸ್ಕಾಟ್ಲೆಂಡಿಗೆ ಆ ಕಾಯ್ದೆ ಅನ್ವಯಿಸ್ತಿರಲಿಲ್ಲ. ಹಾಗಾಗಿ ಲಂಡನ್ನಿನಿಂದ 300 ಮೈಲಿಗೂ ಹೆಚ್ಚು ಗಾಡಿ ಓಡಿಸಿ, ಗಡಿ ದಾಟಿದ ಕೂಡಲೇ ಸಿಗೋ ಗ್ರೆಟ್ನಾ ಗ್ರೀನ್ ಹಳ್ಳಿಯಲ್ಲಿ ಸಾಕ್ಷಿಗಳ ಮುಂದೆ ಒಪ್ಪಿದ್ದೇವೆ ಅಂದ್ರೆ ಮುಗೀತು. ಆದರೆ ಹೀಗೆ ಓಡಿದರೆ ಸೆಟಲ್‌ಮೆಂಟ್ ಪತ್ರ ಬರೆಯೋಕೆ ಯಾರೂ ಇಲ್ಲ, ದುಡ್ಡೆಲ್ಲ ಗಂಡನಿಗೆ. ವಿಕಮ್ ಅನ್ನೋ ಪೋಲಿ ಡಾರ್ಸಿಯ 15 ವರ್ಷದ ತಂಗಿಯನ್ನ ಓಡಿಸಿಕೊಂಡು ಹೋಗೋಕೆ ನೋಡಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಆ ಹುಡುಗಿಯದೂ 30,000 ಪೌಂಡ್.

ಈಗ ನನಗೆ ಹೇಯರ್ ಮೇಲಿರೋ ಸಿಟ್ಟನ್ನೂ ಹೇಳಬೇಕು. ಗ್ರಾಂಡ್ ಸೋಫಿಯಲ್ಲಿ ನಾಯಕಿ ಪಿಸ್ತೂಲು ಹಿಡಿದು ಒಬ್ಬ ಬಡ್ಡಿ ವ್ಯಾಪಾರಿಯನ್ನ ಎದುರಿಸೋ ದೃಶ್ಯ ಇದೆ. ಸೋಫಿ ಧೈರ್ಯಕ್ಕೆ ಚಪ್ಪಾಳೆ ಹೊಡೀಬೇಕು ಅನ್ನೋಷ್ಟರಲ್ಲಿ ಆ ಯಹೂದಿ ವ್ಯಾಪಾರಿಯನ್ನ ಬಣ್ಣಿಸಿರೋ ರೀತಿ ನೋಡಿ ಬಾಯಿ ಕಹಿಯಾಗುತ್ತೆ. ಮಹಾಯುದ್ಧ ಮುಗಿದು ಐದೇ ವರ್ಷಕ್ಕೆ ಬರೆದದ್ದು. ಕಾಲ ಹಾಗಿತ್ತು ಅಂತ ತಳ್ಳಿಹಾಕೋಕೆ ನನಗಾಗಲ್ಲ.

ಇನ್ನೊಂದು, ಈ ಮಹನೀಯರ ದುಡ್ಡೆಲ್ಲ ಎಲ್ಲಿಂದ ಬಂತು ಅನ್ನೋದರ ಬಗ್ಗೆ ಮೌನ. ಇಂಗ್ಲೆಂಡಿನ ಹೊಲಗಳಿಂದ ಬಂದದ್ದು ಒಂದು ಪಾಲು. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬೆಳೆದ ಕಬ್ಬಿನಿಂದ ಬಂದದ್ದು ಇನ್ನೊಂದು ಪಾಲು. ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸಿದ್ದು 1807ರಲ್ಲಿ, ಆದರೆ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡೋ ಕಾಯ್ದೆ ಬರೋಕೆ 1833 ಆಗಬೇಕಾಯ್ತು, ರೀಜೆನ್ಸಿ ಪೂರ್ತಿ ಮಧ್ಯದಲ್ಲಿದೆ. ಮೂರನೇ ಪಾಲು ನಮ್ಮ ಕಡೆಯದ್ದು. ಹೇಯರ್‌ನ 1966ರ 'ಬ್ಲ್ಯಾಕ್ ಶೀಪ್' ಕಾದಂಬರಿಯ ನಾಯಕ ಮೈಲ್ಸ್, ಮನೆಯವರು ಓಡಿಸಿದ್ದಕ್ಕೆ ಭಾರತಕ್ಕೆ ಹೋಗಿ, ಭಾರಿ ದುಡ್ಡು ಮಾಡಿಕೊಂಡು ವಾಪಸ್ ಬಂದೋನು. ಹೇಗೆ ಮಾಡಿದ ಅನ್ನೋದು ಪುಸ್ತಕಕ್ಕೆ ಮುಖ್ಯ ಅಲ್ಲ. ನನಗೆ ಮುಖ್ಯ.

ಯಾಕಂದ್ರೆ ನಿಜ ಜೀವನದ ಮೈಲ್ಸ್ ಒಬ್ಬನನ್ನ ಕನ್ನಡಿಗರೆಲ್ಲ ಬಲ್ಲೆವು. ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಡ್ಯೂಕ್. 1793ರ ಹೊತ್ತಿಗೆ ಕಿಟ್ಟಿ ಪಾಕೆನ್‌ಹ್ಯಾಮ್ ಅನ್ನೋ ಐರಿಷ್ ಹುಡುಗಿಯನ್ನ ಕೇಳಿದ್ದ. ದುಡ್ಡಿಲ್ಲ, ಭವಿಷ್ಯ ಇಲ್ಲ ಅಂತ ಹುಡುಗಿಯ ಅಣ್ಣ ಬೇಡ ಅಂದ. ಈತ 1797ರಲ್ಲಿ ಭಾರತಕ್ಕೆ ಬಂದ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಗವರ್ನರ್ ಆದ, ಲೂಟಿಯಲ್ಲಿ ಸಿಕ್ಕ ಪಾಲೂ ಸೇರಿ 1805ರಲ್ಲಿ ಸುಮಾರು 40,000 ಪೌಂಡಿನೊಂದಿಗೆ ವಾಪಸ್ ಹೋದ. 1806ರಲ್ಲಿ ಡಬ್ಲಿನ್‌ನಲ್ಲಿ ಅದೇ ಕಿಟ್ಟಿ ಜೊತೆ ಮದುವೆ. ಇಬ್ಬರೂ ಮುಖ ನೋಡಿ ಹತ್ತಕ್ಕೂ ಹೆಚ್ಚು ವರ್ಷ ಆಗಿತ್ತು. ಸುಖದ ಮದುವೆ ಆಗಲಿಲ್ಲ. ಶ್ರೀರಂಗಪಟ್ಟಣದ ಕೋಟೆ ಹತ್ತಿ ಎಷ್ಟೋ ಸಲ ಫೋಟೋ ತೆಗೆಸಿಕೊಂಡಿದ್ದೇನೆ, ಅಲ್ಲಿಂದ ಹೋದ ದುಡ್ಡು ಒಬ್ಬ ಹುಡುಗನ ಬಯೋಡೇಟಾ ಸರಿ ಮಾಡಿತ್ತು ಅಂತ ಯಾವ ಗೈಡೂ ಹೇಳಿರಲಿಲ್ಲ.

ಕಾನೂನು ಬದಲಾಗೋಕೆ ತುಂಬಾ ವರ್ಷ ಹಿಡೀತು. 1870ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಿಂದ ಹೆಂಡತಿ ದುಡಿದ ದುಡ್ಡು ಆಕೆಯದ್ದೇ ಆಯ್ತು, 1882ರ ಕಾಯ್ದೆಯಿಂದ ಉಳಿದ ಆಸ್ತಿಯೂ. ಈ ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸ್ತಾ? ಮದುವೆಯಾದ ಗಂಡಸರು ಟರ್ಮ್ ಇನ್ಶೂರೆನ್ಸ್ ತಗೊಳ್ಳುವಾಗ ಫಾರ್ಮಿನಲ್ಲಿ 'ಎಂಡಬ್ಲ್ಯುಪಿ ಆ್ಯಕ್ಟ್ ಅಡಿಯಲ್ಲಿ ಬೇಕಾ' ಅಂತ ಒಂದು ಟಿಕ್ ಬಾಕ್ಸ್ ಇರುತ್ತಲ್ಲ, ಅದು ಇದರದ್ದೇ ಭಾರತದ ತಂಗಿ, 1874ರ ಕಾಯ್ದೆ. ಅಲ್ಲಿ ಟಿಕ್ ಮಾಡಿದ್ರೆ ಪಾಲಿಸಿಯ ದುಡ್ಡು ಹೆಂಡತಿ ಮಕ್ಕಳ ಹೆಸರಿನ ಟ್ರಸ್ಟ್ ಆಗುತ್ತೆ, ಗಂಡನ ಸಾಲಗಾರರು ಅದನ್ನ ಮುಟ್ಟೋ ಹಾಗಿಲ್ಲ, ಗಂಡನೂ ಮನಸ್ಸು ಬಂದ ಹಾಗೆ ಹಿಂದಕ್ಕೆ ತಗೊಳ್ಳೋ ಹಾಗಿಲ್ಲ. ಮೊದಲಿಗೆ ಈ ಕಾಯ್ದೆ ಹಿಂದೂ, ಮುಸ್ಲಿಂ ಮುಂತಾದವರಿಗೆ ಇರಲಿಲ್ಲ. ಇನ್ಶೂರೆನ್ಸಿನ ಈ ಭಾಗ 1923ರ ತಿದ್ದುಪಡಿಯಿಂದ ಅವರಿಗೂ ಬಂತು. ಹೋಮ್ ಲೋನ್ ತಲೆ ಮೇಲಿರೋ ಅಣ್ಣಂದಿರೇ, ಏಜೆಂಟ್ ಆ ಬಾಕ್ಸನ್ನ ಹಾರಿಸಿಕೊಂಡು ಹೋದರೆ ನಿಲ್ಲಿಸಿ ಕೇಳಿ. ಹಾಗೇ ನಮ್ಮ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕುಗಳ ಕಾಯ್ದೆ ತಂದಿತ್ತು. ಅದಕ್ಕೊಂದು ಪೂರ್ತಿ ವಿಡಿಯೋ ಬೇಕು, ಆಮೇಲೆ ಮಾಡೋಣ.

ಸರಿ, ನನಗೂ ಇದಕ್ಕೂ ಏನು ಸಂಬಂಧ ಅಂತ ಹೇಳ್ತೀನಿ ಅಂದಿದ್ದೆ. ನನಗೆ 34. ನಾಲ್ಕು ವರ್ಷ ಹಿಂದೆ ವಾಕಡ್‌ನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ತಗೊಂಡೆ, ಲೋನ್ ಪೂರ್ತಿ ನನ್ನ ಹೆಸರಲ್ಲಿ. ಅದಕ್ಕೂ ಮುಂಚೆ ಬಾಡಿಗೆ ಮನೆ ಹುಡುಕುವಾಗ 'ಸಿಂಗಲ್ ಹುಡುಗೀರಿಗೆ ಕೊಡಲ್ಲ' ಅಂತ ಎಷ್ಟು ಬಾಗಿಲು ಹಾಕಿಕೊಂಡವು ಅಂತ ಲೆಕ್ಕ ಇಟ್ಟಿಲ್ಲ. ಹಾಗಾಗಿ ಆ ಫ್ಲ್ಯಾಟಿನ ಬೀಗದ ಕೈ ನನಗೆ ಬರೀ ಬೀಗದ ಕೈ ಅಲ್ಲ. ಬೇಡ ಅಂದ ಗಂಡುಗಳ ಬಗ್ಗೆ ನನಗೆ ಬೇಜಾರಿಲ್ಲ. ಈಗ ಒಬ್ಬರು ಇದ್ದಾರೆ, ಹುಬ್ಬಳ್ಳಿಯವರು, ಹೈದರಾಬಾದಿನಲ್ಲಿ ಕೆಲಸ. ಇಷ್ಟ ಆಗಿದ್ದಾರೆ. ಅವರು ಕೇಳಿ ಆರು ವಾರ ಆಯ್ತು, ನಾನು ಟೈಮ್ ಬೇಕು ಅಂದೆ. ಅವರ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದರು: ಪುಣೆ ಫ್ಲ್ಯಾಟ್ ಮಾರಿ ಹೈದರಾಬಾದಿನಲ್ಲಿ ಇಬ್ಬರ ಹೆಸರಲ್ಲೂ ದೊಡ್ಡದು ತಗೊಳ್ಳಿ.

ನನ್ನ ಕಾಲದ ಕಾನೂನು ನನ್ನ ಪರವಾಗಿದೆ, ಅದು ಗೊತ್ತು. ಸಂಬಳ ನನ್ನದೇ, ಫ್ಲ್ಯಾಟ್ ನನ್ನದೇ, ಯಾವ ಬ್ರಾಂಚೂ ಡಿಲೀಟ್ ಆಗಲ್ಲ. ಆದರೂ ಆ ಮಾತು ಕೇಳಿದ ರಾತ್ರಿ ನಿದ್ದೆ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿದರೆ, 'ಹೆಸರಿನಲ್ಲಿ ಏನಿದೆ ಬಿಡೇ' ಅಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ, 'ನನ್ನ ಹೆಸರಲ್ಲಿ ಒಂದು ಸೈಟು ಇದ್ದಿದ್ರೆ ಚೆನ್ನಾಗಿರ್ತಿತ್ತು ಅಂತ ಎಷ್ಟೋ ಸಲ ಅನ್ಸಿದೆ' ಅಂದರು. 60 ವರ್ಷದಲ್ಲಿ ಮೊದಲ ಸಲ ಅಮ್ಮನ ಬಾಯಲ್ಲಿ ಈ ಮಾತು ಕೇಳಿದ್ದು.

ಮಾರನೇ ದಿನ ನಾನು ಅವರಿಗೆ ನೇರವಾಗಿ ಹೇಳಿದೆ. ಹೈದರಾಬಾದಿಗೆ ಬರೋಕೆ ಟ್ರಾನ್ಸ್‌ಫರ್ ಕೇಳ್ತೀನಿ, ಬಾಡಿಗೆ ಮನೆಯಲ್ಲಿ ಇರೋಣ, ಪುಣೆ ಫ್ಲ್ಯಾಟ್ ಮಾತ್ರ ಮಾರಲ್ಲ. ಅದಕ್ಕೆ ಅವರು ಎರಡು ನಿಮಿಷ ಸುಮ್ಮನಿದ್ದು, 'ಬಾಡಿಗೆಗೆ ಕೊಟ್ರೆ ಇಎಂಐಗೆ ಎಷ್ಟು ಕಮ್ಮಿ ಬೀಳುತ್ತೆ?' ಅಂತ ಕೇಳಿದರು. ಎಕ್ಸೆಲ್ ಶೀಟ್ ಶೇರ್ ಮಾಡಿದೆ. ಅದರಲ್ಲೊಂದು ಫಾರ್ಮುಲಾ ತಪ್ಪಿತ್ತು, ಅವರು ಸರಿ ಮಾಡಿ ಕಳಿಸಿದ್ದಾರೆ. ಉತ್ತರ ಏನು ಅಂತ ಕಾಮೆಂಟಿನಲ್ಲಿ ಕೇಳಬೇಡಿ, ನನಗೇ ಇನ್ನೂ ಪೂರ್ತಿ ಗೊತ್ತಿಲ್ಲ.

ಹೇಯರ್ ಓದಬೇಕು ಅನ್ನೋರಿಗೆ ಎಲ್ಲಿಂದ ಶುರು ಮಾಡಬೇಕು ಅಂತ ಹೇಳಿಬಿಡ್ತೀನಿ. ಇಂಜಿನಿಯರ್‌ಗಳಿಗೆ 1965ರ 'ಫ್ರೆಡರಿಕಾ'. 24ರ ಅಕ್ಕ, ಅಪ್ಪ ಅಮ್ಮ ಇಲ್ಲ, ತಂಗಿಗೆ ಗಂಡು ಹುಡುಕೋಕೆ ಎಲ್ಲರನ್ನೂ ಕಟ್ಟಿಕೊಂಡು ಲಂಡನ್ನಿಗೆ ಬಂದಿದ್ದಾಳೆ, ತನ್ನ ಮದುವೆಯ ಯೋಚನೆಯೇ ಇಲ್ಲ. ಚಿಕ್ಕ ತಮ್ಮ ಫೀಲಿಕ್ಸ್‌ಗೆ ಯಂತ್ರಗಳ ಹುಚ್ಚು, ಕೊನೆಗೆ ಹಾರೋ ಬಲೂನಿಗೆ ಜೋತುಬಿದ್ದು ಮೇಲಕ್ಕೇ ಹೋಗಿಬಿಡ್ತಾನೆ. ಗ್ರೀನ್ ಪಾರ್ಕಿನಲ್ಲಿ ಹಸುಗಳನ್ನ ಅಟ್ಟಿಸಿಕೊಂಡು ಹೋದ ಇವರ ಬೀದಿ ನಾಯಿಯಂಥ ನಾಯಿಯನ್ನ ಉಳಿಸೋಕೆ ಅದು ಅಪರೂಪದ ಬಲೂಚಿಸ್ತಾನ್ ಹೌಂಡ್ ಅಂತ ಬುರುಡೆ ಬಿಡೋ ಭಾಗ ಓದುವಾಗ ಮೆಟ್ರೋದಲ್ಲಿ ಜೋರಾಗಿ ನಕ್ಕು ಅವಮಾನ ಮಾಡಿಕೊಂಡಿದ್ದೇನೆ. ಲೇಡಿ ಆಫ್ ಕ್ವಾಲಿಟಿ ಆಮೇಲೆ ಓದಿ, ಮಧ್ಯದಲ್ಲಿ ಸ್ವಲ್ಪ ಎಳೆದಾಟ ಇದೆ, ಮನೆಮಂದಿಗೆಲ್ಲ ಫ್ಲೂ ಬರೋ ಭಾಗ ಉದ್ದ ಆಯ್ತು.

ಹುಬ್ಬಳ್ಳಿಯವರಿಗೂ ಅದನ್ನೇ ಓದೋಕೆ ಕೊಟ್ಟಿದ್ದೇನೆ. 60ನೇ ಪುಟದಲ್ಲಿದ್ದಾರೆ. ಮರಿಯಾ ಫಾರ್ಲೋ ಯಾವಾಗ ಬಾಯಿ ಮುಚ್ಚುತ್ತಾಳೆ ಅಂತ ಬೆಳಗ್ಗೆ ಮೆಸೇಜ್ ಹಾಕಿದ್ದಾರೆ. ಇಲ್ಲ, ಮುಚ್ಚಲ್ಲ ಅಂತ ಇನ್ನೂ ಹೇಳಿಲ್ಲ.